ಪ್ಲಾಟ್‌ಫಾರ್ಮ್ ಯಾವುದು ಅನ್ನೋ ಮೊದಲು ಕಂಟ್ರೋಲ್-ಯು ಒತ್ತಿ

ಸಂಘದ ಹೊಸ ವೆಬ್‌ಸೈಟ್ ಯಾವುದರಲ್ಲಿ ಕಟ್ಟಬೇಕು ಅನ್ನೋ ಮೀಟಿಂಗ್ ಎರಡು ಸಲ ಆಯ್ತು. ಎರಡು ಸಲವೂ ಕ್ಯಾಂಟೀನ್ ಮುಚ್ಚೋವರೆಗೂ ನಡೀತು. ಇರೋದು ಮೂರು ಪಂಗಡ. "ರಿಯಾಕ್ಟ್‌ನಲ್ಲಿ ಮಾಡೋಣ, ರೆಸ್ಯೂಮೆಗೂ ಆಗುತ್ತೆ" ಅಂತ ಒಂದು. "ವರ್ಡ್‌ಪ್ರೆಸ್ ಹಾಕಿದ್ರೆ ಸರ್ಚ್‌ನಲ್ಲಿ ತಾನಾಗೇ ಮೇಲೆ ಬರುತ್ತೆ" ಅಂತ ಇನ್ನೊಂದು. "ಬ್ಲಾಗರ್ ಗೂಗಲ್‌ದೇ ಅಲ್ವಾ, ತನ್ನ ಮನೆ ಮಗುವನ್ನ ಮುಂದೆ ಕೂರಿಸದೇ ಇರುತ್ತಾ" ಅಂತ ಮತ್ತೊಂದು.

ನನ್ನ ಪ್ರಕಾರ ಮೂರೂ ಕಡೆಯವರು ತಪ್ಪು ಪ್ರಶ್ನೆಗೆ ಉತ್ತರ ಹುಡುಕ್ತಿದ್ದಾರೆ. ಯಾವ ಪ್ಲಾಟ್‌ಫಾರ್ಮೂ ರ‍್ಯಾಂಕ್ ಕೊಡಲ್ಲ. ಕೆಲವು ರ‍್ಯಾಂಕ್ ಬರೋ ದಾರಿಗೆ ಅಡ್ಡ ನಿಲ್ಲುತ್ತವೆ, ಅಷ್ಟೇ. ನಾವು ಆರಿಸಬೇಕಾದದ್ದು ಅಡ್ಡ ನಿಲ್ಲದೇ ಇರೋದನ್ನ.

ನಮ್ಮ ಹಳೇ ಸೈಟ್‌ನ ಗತಿಯನ್ನೇ ನೋಡಿ. ಸೀನಿಯರ್ ಒಬ್ಬರು ತಮ್ಮ ಊರಿನ ಕೆರೆ ಬಗ್ಗೆ ಒಳ್ಳೇ ಲೇಖನ ಬರೆದಿದ್ರು. ಅದೇ ಕಡೆಯಿಂದ ಬಂದ ಮೊದಲ ವರ್ಷದ ಹುಡುಗ ಹೋದ ಸೆಮಿಸ್ಟರ್ ಕೆರೆಯ ಹೆಸರು ಹಾಕಿ ಹುಡುಕಿದ. ಸಿಗಲಿಲ್ಲ. ಪೂರ್ತಿ ಶೀರ್ಷಿಕೆ ಹಾಕಿದ. ಆಗಲೂ ಇಲ್ಲ. ಲೇಖನ ಮಾತ್ರ ಸೈಟ್‌ನಲ್ಲಿ ಆರಾಮಾಗಿ ಕೂತಿತ್ತು.

ಕಂಟ್ರೋಲ್-ಯು ಒತ್ತಿ ಸೋರ್ಸ್ ನೋಡಿದಾಗ ಕಾರಣ ಗೊತ್ತಾಯ್ತು. ಒಂದು ಖಾಲಿ ಡಿವ್, ಕೆಳಗೆ ಒಂದು ಸ್ಕ್ರಿಪ್ಟ್. ಕನ್ನಡದ ಒಂದಕ್ಷರವೂ ಇಲ್ಲ. ಎಲ್ಲಾ ಲೇಖನಗಳಿಗೂ ಒಂದೇ ವಿಳಾಸ, ಹ್ಯಾಶ್ ಚಿಹ್ನೆ ಆದ್ಮೇಲಿನ ಭಾಗ ಮಾತ್ರ ಬದಲಾಗುತ್ತೆ. ಹ್ಯಾಶ್ ನಂತರ ಬರೋದನ್ನ ಗೂಗಲ್ ಸಾಮಾನ್ಯವಾಗಿ ಬೇರೆ ಪುಟ ಅಂತ ಎಣಿಸಲ್ಲ. ಅಂದ್ರೆ ನಮ್ಮ ಅಷ್ಟೂ ಲೇಖನ ಅದರ ಲೆಕ್ಕದಲ್ಲಿ ಒಂದೇ ಪುಟ.

ರಿಯಾಕ್ಟ್ ಗೆಳೆಯರು ಕೂಡಲೇ ಹೇಳ್ತಾರೆ, "ಗೂಗಲ್ ಈಗ ಜಾವಾಸ್ಕ್ರಿಪ್ಟ್ ಓಡಿಸುತ್ತಪ್ಪಾ." ನಿಜ, 2019ರಿಂದ ಗೂಗಲ್‌ಬಾಟ್ ಹೊಸ ಕ್ರೋಮಿಯಂ ಇಟ್ಕೊಂಡೇ ಪುಟ ನೋಡುತ್ತೆ. ಆದ್ರೆ ಮೊದಲು ಓದೋದು ಸರ್ವರ್ ಕಳಿಸಿದ ಎಚ್‌ಟಿಎಂಎಲ್. ಸ್ಕ್ರಿಪ್ಟ್ ಓಡಿಸೋದು ಆಮೇಲಿನ ಸರದಿಯಲ್ಲಿ. ಅಲ್ಲಿ ಎಡವಿದ್ರೆ ಖಾಲಿ ಪುಟವೇ ಗತಿ. ಸರ್ವರ್‌ನಲ್ಲೇ ಪುಟ ಸಿದ್ಧ ಮಾಡಿ ಕಳಿಸಿದ್ರೆ ರಿಯಾಕ್ಟ್‌ನಿಂದ ಏನೂ ತೊಂದರೆ ಇಲ್ಲ. ನಮ್ಮ ಹಳೇ ಸೈಟ್ ಹಾಗೆ ಮಾಡಿರಲಿಲ್ಲ.

ಬ್ಲಾಗರ್ ಪಂಗಡಕ್ಕೂ ಒಂದು ಮಾತು. ಬ್ಲಾಗರ್ ಬಳಸಿದ್ರೆ ಗೂಗಲ್ ಪ್ರೀತಿ ಜಾಸ್ತಿ ಸಿಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಬದಲಿಗೆ ಕನ್ನಡದಲ್ಲಿ ಶೀರ್ಷಿಕೆ ಕೊಟ್ರೆ ಅದು ಪುಟದ ವಿಳಾಸವನ್ನ ಬರೀ 'ಬ್ಲಾಗ್-ಪೋಸ್ಟ್' ಅಂತ ಇಡುತ್ತೆ. ವಿಳಾಸ ನೋಡಿದವರಿಗೆ ಒಳಗೇನಿದೆ ಅಂತ ಗೊತ್ತಾಗಲ್ಲ.

ವರ್ಡ್‌ಪ್ರೆಸ್ ಕನ್ನಡ ವಿಳಾಸ ಒಪ್ಪುತ್ತೆ. ಅಲ್ಲೂ ಒಂದು ಮಜಾ ಇದೆ. ಯುಟಿಎಫ್-8ರಲ್ಲಿ 'ಕ' ಅಂದ್ರೆ 3 ಬೈಟ್, ವಿಳಾಸದಲ್ಲಿ ಶೇಕಡಾ ಚಿಹ್ನೆ ಸೇರಿ 9 ಚಿಹ್ನೆ. ಗುಣಿತ, ಒತ್ತು ಬಂದ್ರೆ ಇನ್ನೂ ಜಾಸ್ತಿ. ವರ್ಡ್‌ಪ್ರೆಸ್ ಈ ಭಾಗಕ್ಕೆ ಕೊಡೋ ಜಾಗ 200. ಶೀರ್ಷಿಕೆ ಉದ್ದ ಆದ್ರೆ ವಿಳಾಸ ಅರ್ಧಕ್ಕೇ ಕತ್ತರಿಸಿ ಹೋಗುತ್ತೆ. ಹಾಗಾಗಿ ವಿಳಾಸವನ್ನ ಚಿಕ್ಕದಾಗಿ ನಾವೇ ಬರೆದು ಕೊಡಬೇಕು. ಜೊತೆಗೆ ಕಂಡ ಕಂಡ ಪ್ಲಗಿನ್ ತುಂಬಿ ಸೈಟ್ ನಿಧಾನ ಮಾಡಿದ್ರೆ ಅದೂ ಪೆಟ್ಟೇ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್ ಇಟ್ಟಿರೋ ಅಳತೆ.

ಇದೆಲ್ಲಕ್ಕಿಂತ ದೊಡ್ಡ ತೊಂದರೆ ನಮ್ಮ ಕಪಾಟಿನಲ್ಲೇ ಇದೆ. ಹಳೇ ಸಂಚಿಕೆಗಳ ಪಿಡಿಎಫ್‌ಗಳು ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿವೆ. ನಮ್ಮ ಕಣ್ಣಿಗೆ ಅದು ಕನ್ನಡ, ಸರ್ಚ್ ಎಂಜಿನ್‌ಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ, ನಿಮಗೇ ಗೊತ್ತಾಗುತ್ತೆ. ಕವನವನ್ನ ಪೋಸ್ಟರ್ ಮಾಡಿ ಚಿತ್ರವಾಗಿ ಮಾತ್ರ ಹಾಕೋದೂ ಹೆಚ್ಚುಕಮ್ಮಿ ಇದೇ ಕಥೆ.

ಹಾಗಾದ್ರೆ ಯಾವುದು? ನನ್ನ ಓಟು ವರ್ಡ್‌ಪ್ರೆಸ್‌ಗೆ. ಅದು ಮೇಲೆ ತರುತ್ತೆ ಅಂತಲ್ಲ. ಪ್ರತಿ ಲೇಖನಕ್ಕೂ ಬೇರೆ ವಿಳಾಸ ಕೊಡುತ್ತೆ, ಅಕ್ಷರವನ್ನ ಎಚ್‌ಟಿಎಂಎಲ್‌ನಲ್ಲೇ ಕಳಿಸುತ್ತೆ. ಮುಖ್ಯವಾಗಿ, ಇಂಟರ್ನಲ್ಸ್ ವಾರದಲ್ಲೂ ಸಿವಿಲ್‌ನ ಗೆಳತಿಯೊಬ್ಬಳು ಕೋಡ್ ಮುಟ್ಟದೇ ಲೇಖನ ಏರಿಸಬಹುದು. ರಿಯಾಕ್ಟ್ ಸೈಟ್ ಕಟ್ಟಿದ ಸೀನಿಯರ್ ಪಾಸಾಗಿ ಹೋದ್ರು, ಪಾಸ್‌ವರ್ಡೂ ಅವರ ಜೊತೆಗೇ ಹೋಯ್ತು. ನಾವೂ ನಾಲ್ಕು ವರ್ಷಕ್ಕೆ ಹೋಗೋರೇ.

ಅದಕ್ಕೇ ಪ್ಲಾಟ್‌ಫಾರ್ಮ್‌ಗಿಂತ ಮೊದಲು ಸ್ವಂತ ಡೊಮೇನ್ ತಗೊಳ್ಳೋಣ, ಯಾರದೋ ಜಿಮೇಲ್‌ನಲ್ಲಲ್ಲ, ಸಂಘದ ಇಮೇಲ್‌ನಲ್ಲಿ. ಡೊಮೇನ್ ನಮ್ಮ ಕೈಲಿದ್ರೆ ನಾಳೆ ಪ್ಲಾಟ್‌ಫಾರ್ಮ್ ಬದಲಿಸಿದ್ರೂ ಹಳೇ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ ಕೊಟ್ಟು ಗಳಿಸಿದ ಹೆಸರು ಉಳಿಸ್ಕೋಬಹುದು. ಯಾರದೋ ಉಚಿತ ಸಬ್‌ಡೊಮೇನ್‌ನಲ್ಲಿದ್ರೆ ಅದು ಕಷ್ಟ.

ಮೂರನೇ ಮೀಟಿಂಗ್ ಬೇಡ. ಅದೇ ಎರಡು ಗಂಟೆ ಕೂತು ಕೆರೆಯ ಲೇಖನವನ್ನ ಯೂನಿಕೋಡ್‌ನಲ್ಲಿ ಟೈಪ್ ಮಾಡೋಣ. ಆ ಹುಡುಗ ಇನ್ನೊಮ್ಮೆ ಹುಡುಕಿದಾಗ ಸಿಗಲಿ.