ಮಜಲು ಮುಟ್ಟಿದವನ ಮಾನ

ಪರದೇಶದ ಸೈಕಲ್ ಪಂದ್ಯಕ್ಕೆ ನಮ್ಮವನೊಬ್ಬ ಹೋಗಿ ಬಂದನೆಂದರೆ ನಾವು ಕೇಳುವ ಮೊದಲನೆಯ ಪ್ರಶ್ನೆ, ‘ಎಷ್ಟನೆಯವನಾಗಿ ಬಂದ?’ ಎಂಬುದು. ಉತ್ತರ ಒಂದು, ಎರಡು, ಮೂರರೊಳಗೆ ಇದ್ದರೆ ಹಾರ ತುರಾಯಿ. ಅದನ್ನು ಮೀರಿದರೆ ಮೌನ. ನೂರು ಗಜದ ಓಟಕ್ಕೆ ಈ ಪ್ರಶ್ನೆ ಸಲ್ಲಬಹುದು. ಹಲವು ದಿನ, ಹಲವು ಮಜಲುಗಳಲ್ಲಿ ನಡೆಯುವ ಪಂದ್ಯಕ್ಕೆ, ಅದರಲ್ಲಿಯೂ ಬೇರೆ ಉದ್ಯೋಗದಿಂದ ಹೊಟ್ಟೆ ಹೊರೆದುಕೊಂಡು ಪ್ರೀತಿಗಾಗಿ ಸೈಕಲ್ ತುಳಿಯುವ ಹವ್ಯಾಸಿಗೆ, ಅದು ಸಲ್ಲದೆಂಬುದು ನನ್ನ ಅಭಿಪ್ರಾಯ. ಕನ್ನಡದ ಪಾಠ ಹೇಳುವವನಿಗೆ ಸೈಕಲ್ಲಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮನೆ ಮಾಡಿಕೊಂಡಿರುವ ನನಗೆ ಸೈಕಲ್ಲಿನ ಗಂಟೆ ಕಿವಿಗೆ ಬೀಳದ ದಿನವಿಲ್ಲ. ಮೇಲಾಗಿ, ಈ ವಿಷಯದಲ್ಲಿರುವ ತಕರಾರಿನ ಅರ್ಧಭಾಗ ಮಾತಿನ ತಕರಾರು. ಅದು ನನ್ನ ಕಸುಬಿಗೆ ಸೇರಿದ್ದು.

‘ಮಜಲು’ ಎಂಬ ಮಾತನ್ನೇ ನೋಡಿ. ರೈಲು ಬಸ್ಸುಗಳಿಲ್ಲದ ಕಾಲದಲ್ಲಿ ಒಂದು ದಿನಕ್ಕೆ ಸಾಗಬಹುದಾದ ದಾರಿ ಒಂದು ಮಜಲು. ದಂಡಾಳುಗಳೂ ವರ್ತಕರೂ ಯಾತ್ರಿಕರೂ ದೂರವನ್ನು ಈ ಲೆಕ್ಕದಲ್ಲಿಯೇ ಎಣಿಸುತ್ತಿದ್ದರು. ಮಜಲು ಮುಟ್ಟಿದ ಮೇಲೆ ಉಣ್ಣಬೇಕು, ಎತ್ತುಗಳಿಗೆ ಮೇವು ಹಾಕಬೇಕು, ಮಲಗಬೇಕು. ಬೆಳಗಾದರೆ ಮತ್ತೆ ಹೊರಡಬೇಕು. ಈ ಮತ್ತೆ ಹೊರಡುವುದರಲ್ಲಿಯೇ ಪಯಣದ ಕಷ್ಟವೆಲ್ಲ ಅಡಗಿದೆ. ಮೊದಲನೆಯ ದಿನ ಯಾರಾದರೂ ನಡೆದಾರು. ಕಾಲು ಬಾತುಕೊಂಡ ಮೂರನೆಯ ದಿನದ ನಸುಕಿನಲ್ಲಿ ಎದ್ದು ನಿಲ್ಲುವವನು ಬೇರೆಯೇ ಮನುಷ್ಯ.

ಮಜಲುಗಳ ಸೈಕಲ್ ಪಂದ್ಯದ ನಿಯಮವೂ ಇದನ್ನೇ ಅಳೆಯುತ್ತದೆ. ಪ್ರತಿದಿನ ಒಂದು ಊರಿನಿಂದ ಹೊರಟು ಇನ್ನೊಂದನ್ನು ಸೇರಬೇಕು. ಎಲ್ಲ ದಿನಗಳ ಕಾಲವನ್ನೂ ಕೂಡಿಸಿ, ಯಾರ ಮೊತ್ತ ಕಡಿಮೆಯೋ ಅವನು ಗೆದ್ದವನು. ಆದರೆ ಇನ್ನೊಂದು ಕಟ್ಟಳೆಯುಂಟು. ಆ ದಿನ ಮೊದಲು ಮುಟ್ಟಿದವನು ತೆಗೆದುಕೊಂಡ ಕಾಲಕ್ಕೆ ಶೇಕಡಾ ಇಷ್ಟೆಂದು ಕೂಡಿಸಿ ಒಂದು ಗಡುವು ಕಟ್ಟುತ್ತಾರೆ. ಗಡುವು ಮೀರಿ ಬಂದವನಿಗೆ ಮರುದಿನದ ಅಪ್ಪಣೆಯಿಲ್ಲ. ಅಲ್ಲಿಯವರೆಗೆ ತುಳಿದದ್ದೆಲ್ಲ ಲೆಕ್ಕದಿಂದ ಅಳಿದುಹೋಗುತ್ತದೆ. ಕೈಲಾಗದೆ ಕುಸಿದವರನ್ನು ಹತ್ತಿಸಿಕೊಳ್ಳಲು ಹಿಂದೆ ಒಂದು ಗಾಡಿ ಬರುತ್ತಿರುತ್ತದೆ. ೧೯೧೦ರಲ್ಲಿ ಇದನ್ನು ಮೊದಲು ಬಳಕೆಗೆ ತಂದ ಫ್ರೆಂಚರು ಅದಕ್ಕೆ ‘ಕಸಬರಿಗೆಯ ಗಾಡಿ’ ಎಂದು ಹೆಸರಿಟ್ಟರು. ಹಿಂದೆ ಕಸಬರಿಗೆ, ಮುಂದೆ ಗಡುವು. ಇವೆರಡರ ನಡುವೆ ಹವ್ಯಾಸಿಯ ಪಾಡು.

ಈ ಬಗೆಯ ಪಂದ್ಯಗಳಲ್ಲಿ ಹಿರಿಯದಾದ ‘ತೂರ್ ದ ಫ್ರಾನ್ಸ್’ ಹುಟ್ಟಿದ್ದು ೧೯೦೩ರಲ್ಲಿ. ಹುಟ್ಟಿಸಿದ್ದು ಒಂದು ಪತ್ರಿಕೆ. ‘ಲೋಟೊ’ ಎಂಬ ಆ ಪತ್ರಿಕೆಯ ಸಂಪಾದಕ ಹೆನ್ರಿ ದೆಗ್ರಾಂಜ್‌ನಿಗೆ ತನ್ನ ಹಾಳೆಗಳು ಮಾರಾಟವಾಗಬೇಕಾಗಿತ್ತು. ಆ ವರ್ಷ ಆರು ಮಜಲುಗಳು, ಒಟ್ಟು ೨,೪೨೮ ಕಿಲೋಮೀಟರು. ಹೊರಟವರು ೬೦ ಮಂದಿ; ಪ್ಯಾರಿಸನ್ನು ಮರಳಿ ಮುಟ್ಟಿದವರು ೨೧. ಗೆದ್ದ ಮೋರಿಸ್ ಗಾರೆನ್ ಹಿಂದೆ ಹೊಗೆಗೊಳವೆ ಗುಡಿಸುವ ಕೆಲಸ ಮಾಡಿದವನು. ಗೆದ್ದವನ ಹೆಸರು ಉಳಿದದ್ದು ಸಹಜ. ಆದರೆ ಆ ದೇಶದ ಜನ ಕೊನೆಯವನನ್ನೂ ಮರೆಯಲಿಲ್ಲ. ಪಟ್ಟಿಯ ಕಟ್ಟಕಡೆಗೆ ನಿಂತವನನ್ನು ‘ಕೆಂಪು ಲಾಂದ್ರ’ ಎಂದು ಕರೆದರು. ರೈಲಿನ ಕೊನೆಯ ಡಬ್ಬಿಗೆ ಕಟ್ಟುವ ಕೆಂಪು ದೀಪ ಅದು. ಗುಂತಕಲ್ಲಿನ ದಾರಿಯಲ್ಲಿ ರೈಲು ಕಂಡಿರುವ ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ಆ ದೀಪ ಕಂಡರೆ ಗಾಡಿ ಪೂರ್ತಿಯಾಗಿ ಬಂದಿದೆ, ಡಬ್ಬಿಯೊಂದೂ ಹಿಂದೆ ಕಳಚಿ ಬಿದ್ದಿಲ್ಲ ಎಂದು ಅರ್ಥ. ಕೊನೆಯವನು ಗಡುವಿನೊಳಗೆ ಬಂದವನು. ಅವನ ಹಿಂದೆ ದಾರಿಯಲ್ಲೇ ಉಳಿದವರು ಎಷ್ಟೋ ಮಂದಿ.

ಇನ್ನು ‘ಹವ್ಯಾಸಿ’ ಎಂಬ ಮಾತು. ನಮ್ಮ ಬಾಯಲ್ಲಿ ಅದಕ್ಕೆ ಅರೆಬರೆ ಕಲಿತವನೆಂಬ ಛಾಯೆ ಬಂದುಬಿಟ್ಟಿದೆ. ಇಂಗ್ಲಿಷಿನವರ ‘ಅಮೆಚೂರ್’ ಎಂಬ ಶಬ್ದದ ಮೂಲ, ಪ್ರೀತಿಸುವವನು ಎಂಬರ್ಥದ ಲ್ಯಾಟಿನ್ ಪದ. ಇದನ್ನು ತಿಳಿಯಲು ಬಳ್ಳಾರಿಯವರು ಲ್ಯಾಟಿನ್ ಕಲಿಯಬೇಕಾಗಿಯೂ ಇಲ್ಲ. ಬಳ್ಳಾರಿ ರಾಘವರು ಅನ್ನಕ್ಕಾಗಿ ವಕೀಲಿ ಮಾಡಿದರು. ನಾಟಕವನ್ನು ಪ್ರೀತಿಗಾಗಿ ಆಡಿದರು. ತೆಲುಗು, ಕನ್ನಡ, ಇಂಗ್ಲಿಷ್ ಭಾಷೆಗಳಲ್ಲಿ ಪಾತ್ರ ವಹಿಸಿದರು. ಇಂಗ್ಲೆಂಡಿಗೂ ಹೋಗಿ ಬಂದರು. ೧೯೪೬ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ನಾವು ಕಲಾಮಂದಿರವನ್ನೇ ಕಟ್ಟಿಕೊಂಡಿದ್ದೇವೆ. ಅವರು ಎಷ್ಟನೆಯವರು ಎಂದು ಯಾರೂ ಕೇಳಲಿಲ್ಲ. ರಂಗಭೂಮಿಯ ಹವ್ಯಾಸಿಗೆ ಸಂದ ಈ ಮರ್ಯಾದೆ ರಸ್ತೆಯ ಹವ್ಯಾಸಿಗೆ ಏಕೆ ಸಲ್ಲಬಾರದು?

ಅಂಥವರು ನಮ್ಮಲ್ಲಿ ಇಲ್ಲದಿಲ್ಲ. ೧೯೪೮ರಲ್ಲಿ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಗಳ ಪತ್ರಿಕೆಗಳು ಹವ್ಯಾಸಿಗಳಿಗೆಂದೇ ‘ಶಾಂತಿ ಪಂದ್ಯ’ ಎಂಬ ಮಜಲುಗಳ ಓಟವನ್ನು ಆರಂಭಿಸಿದವು. ೧೯೫೨ರಿಂದ ವಾರ್ಸಾ, ಪ್ರಾಗ್ ನಗರಗಳ ಜೊತೆಗೆ ಬರ್ಲಿನ್ನೂ ಸೇರಿತು. ೨೦೦೬ರಲ್ಲಿ ಕೊನೆಗೊಂಡ ಆ ಪಂದ್ಯದಲ್ಲಿ ೧೯೫೦ರ ದಶಕದಷ್ಟು ಹಿಂದೆಯೇ ಭಾರತದ ಸೈಕಲ್ ಸವಾರರು ಓಡಿದ್ದುಂಟು. ನಮ್ಮ ಕಾಲಕ್ಕೆ ಬಂದರೆ, ಅಮೆರಿಕದ ಪಡುಗಡಲಿನಿಂದ ಮೂಡುಗಡಲಿನವರೆಗೆ ಸುಮಾರು ೪,೮೦೦ ಕಿಲೋಮೀಟರಿನ ಓಟವೊಂದಿದೆ. ಅದರಲ್ಲಿ ಮಜಲುಗಳಿಲ್ಲ, ನಿದ್ದೆ ಹೋದರೂ ಗಡಿಯಾರ ನಿಲ್ಲುವುದಿಲ್ಲ, ಗಡುವು ೧೨ ದಿನ. ಒಂಟಿ ಸವಾರರಾಗಿ ೨೦೧೦ರಲ್ಲಿ ಭಾರತದಿಂದ ಅದಕ್ಕೆ ಮೊದಲು ಇಳಿದವರು ಬೆಂಗಳೂರಿನ ಸಮೀಮ್ ರಿಜ್ವಿ. ಆ ಸಲ ದಾರಿ ಪೂರೈಸಲಿಲ್ಲ; ಆದರೂ ಮತ್ತೆ ಹೋದರು. ೨೦೧೭ರಲ್ಲಿ ಸೇನೆಯ ವೈದ್ಯ ಶ್ರೀನಿವಾಸ ಗೋಕುಲನಾಥರು ಗಡುವಿನೊಳಗೆ ಅದನ್ನು ಮುಗಿಸಿದ ಮೊದಲ ಭಾರತೀಯ ಒಂಟಿ ಸವಾರರಾದರು. ಅದೇ ವರ್ಷ, ಅವರ ಬೆನ್ನಿಗೇ ಗುರಿ ಮುಟ್ಟಿದವರು ನಾಗಪುರದ ವೈದ್ಯ ಅಮಿತ್ ಸಮರ್ಥ್. ಅವರೇ ೨೦೧೮ರಲ್ಲಿ ರಷ್ಯಾಕ್ಕೆ ಹೋಗಿ, ಮಾಸ್ಕೋದಿಂದ ವ್ಲಾಡಿವೊಸ್ಟಾಕಿನವರೆಗೆ ೧೫ ಮಜಲುಗಳ, ಒಂಬತ್ತು ಸಾವಿರ ಕಿಲೋಮೀಟರನ್ನು ಮೀರಿದ ಪಂದ್ಯವನ್ನು ಪೂರೈಸಿದರು. ಅಲ್ಲಿ ಒಂದೇ ಮಜಲು ಸಾವಿರ ಕಿಲೋಮೀಟರನ್ನು ದಾಟಿದ್ದೂ ಉಂಟು. ಈ ಸುದ್ದಿಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗನೊಬ್ಬ ಎದ್ದು, ‘ಎಷ್ಟನೇ ನಂಬರ್ ಬಂದ್ರು ಸಾರ್?’ ಎಂದ. ‘ವ್ಲಾಡಿವೊಸ್ಟಾಕಿಗೆ ಬಂದರಪ್ಪಾ’ ಎಂದೆ. ತರಗತಿ ನಕ್ಕಿತು, ಹುಡುಗನೂ ನಕ್ಕ.

ನಗೆ ಇರಲಿ. ಇದು ಸೋತವರನ್ನು ಸಮಾಧಾನಪಡಿಸುವ ಉಪಾಯ, ಗೆಲ್ಲುವ ಛಲವನ್ನೇ ಇದು ಕೊಂದೀತು ಎಂದು ಆಕ್ಷೇಪಿಸುವವರು ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಗೆಲ್ಲುವ ಆಸೆಯಿಲ್ಲದೆ ಪಂದ್ಯವಿಲ್ಲ. ಆದರೆ ನಮ್ಮ ಸವಾರರು ಹೊರಗೆ ಹೋದಾಗ ಹಿಂದೆ ಬೀಳುವ ಕಾರಣವೇನೆಂಬುದನ್ನು ನೋಡಬೇಕು. ನೂರಾರು ಸೈಕಲ್ಲುಗಳು ಒಂದಕ್ಕೊಂದು ತಾಗುವಂತೆ ಸಾಗುವ ಗುಂಪಿನ ನಡುವೆ ಓಡಿಸುವುದು ಒಂದು ವಿದ್ಯೆ. ಮುಂದಿನವನ ಬೆನ್ನಿನ ಮರೆಯಲ್ಲಿದ್ದರೆ ಗಾಳಿಯ ಹೊಡೆತ ತಪ್ಪಿ ಶ್ರಮದಲ್ಲಿ ಕಾಲುಭಾಗಕ್ಕೂ ಮಿಗಿಲಾಗಿ ಉಳಿಯುವುದುಂಟು. ಆ ಮರೆ ಜಾರಿತೋ, ಒಂಟಿಯಾಗಿ ಗಾಳಿಗೆ ಎದೆಕೊಟ್ಟು ಸಾಯಬೇಕು. ಅಡ್ಡಗಾಳಿಗೆ ಸಾಲು ಹೇಗೆ ಓರೆಯಾಗುತ್ತದೆ, ಏರಿನ ಬುಡದಲ್ಲಿ ಎಲ್ಲಿರಬೇಕು, ದಣಿದ ಹೊಟ್ಟೆಗೆ ಯಾವಾಗ ಏನು ತಿನ್ನಿಸಬೇಕು, ಇವೆಲ್ಲ ಪುಸ್ತಕದಿಂದ ಬರುವುದಿಲ್ಲ. ಗುಂಪಿನಲ್ಲಿ ಓಡಿಯೇ ಬರಬೇಕು. ರಜೆ ಹಾಕಿ, ಸ್ವಂತದ ಹಣ ಸುರಿದು, ಸೈಕಲ್ಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಿಕೊಂಡು ವಿಮಾನವೇರುವ ನಮ್ಮ ಹವ್ಯಾಸಿ ಈ ಮೊದಲ ಪಾಠವನ್ನು ಪಂದ್ಯದ ಮೊದಲ ಮಜಲಿನಲ್ಲಿಯೇ ಕಲಿಯಬೇಕಾದರೆ, ಕಸಬರಿಗೆಯ ಗಾಡಿ ಅವನಿಗಾಗಿ ಕಾಯುತ್ತಿರುವುದರಲ್ಲಿ ಆಶ್ಚರ್ಯವೇನು?

ಬೆಂಗಳೂರಿನ ನವೀನ್ ಜಾನ್ ಈ ಪಾಠಕ್ಕಾಗಿಯೇ ಬೆಲ್ಜಿಯಮ್ ದೇಶಕ್ಕೆ ಹೋಗಿ ಅಲ್ಲಿನ ಊರೂರು ಪಂದ್ಯಗಳಲ್ಲಿ ಓಡಿದರು; ೨೦೧೬ರಲ್ಲಿ ದೋಹಾದ ವಿಶ್ವ ರಸ್ತೆ ಸೈಕ್ಲಿಂಗ್ ಸ್ಪರ್ಧೆಯಲ್ಲಿ ಭಾರತದ ಪರವಾಗಿ ಭಾಗವಹಿಸಿದರು. ಬೆಲ್ಜಿಯಮ್ಮಿನ ಆ ಊರ ಪಂದ್ಯಗಳಿಗೆ ‘ಕೆರ್ಮೆಸ್’ ಎಂದು ಹೆಸರು. ಶಬ್ದದ ಬೇರು ಹುಡುಕಿದರೆ ಅದು ಚರ್ಚಿನ ಪೂಜೆಗೆ ಕೂಡುವ ಹಬ್ಬ; ನಮ್ಮ ಮಾತಿನಲ್ಲಿ ಜಾತ್ರೆ. ಊರ ಜಾತ್ರೆಯ ದಿನ ಬೀದಿಗಳನ್ನು ಸುತ್ತಿ ಸುತ್ತಿ ಓಡುವ ಸೈಕಲ್ಲುಗಳಿಂದ ಆ ಪುಟ್ಟ ದೇಶ ಜಗತ್ತಿನ ವೀರರನ್ನು ಬೆಳೆಸಿತು. ಜಾತ್ರೆಗೆ ನಮ್ಮಲ್ಲಿ ಬರವೆ? ವಿಜಯಪುರ, ಬಾಗಲಕೋಟೆಗಳ ಕಡೆ ಜಾತ್ರೆಗಳಲ್ಲಿ ಸೈಕಲ್ ಪಂದ್ಯಗಳು ನಡೆಯುತ್ತ ಬಂದಿವೆ. ಅಲ್ಲಿನ ಸರ್ಕಾರಿ ಕ್ರೀಡಾನಿಲಯಗಳಲ್ಲಿ ಮಕ್ಕಳು ಸೈಕ್ಲಿಂಗ್ ಕಲಿಯುತ್ತಾರೆ. ೨೦೦೬ರ ಸುಮಾರಿಗೆ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳೂ ಧೈರ್ಯವಾಗಿ ತುಳಿದುಕೊಂಡು ಶಾಲೆಗೆ ಹೋದರು. ನೀಲಗಿರಿಯ ಸುತ್ತ ೨೦೦೮ರಿಂದ ಹವ್ಯಾಸಿಗಳ ಹಲವು ದಿನಗಳ ಸೈಕಲ್ ಪ್ರವಾಸವೂ ನಡೆದುಬಂದಿದೆ. ಕಾಲುಗಳಿವೆ, ದಾರಿಯಿದೆ, ಪ್ರೀತಿಯಿದೆ. ಇವನ್ನು ಹೊಲಿಯುವ ದಾರವೊಂದು ಬೇಕು.

ಬಳ್ಳಾರಿಯ ಮಟ್ಟಿಗೆ ನನ್ನ ಸೂಚನೆ ಇಷ್ಟೆ. ವರ್ಷಕ್ಕೊಮ್ಮೆ, ಬಿಸಿಲು ಇಳಿದ ಮಾರ್ಗಶಿರ ಪುಷ್ಯಗಳ ನಡುವೆ, ಹವ್ಯಾಸಿಗಳಿಗಾಗಿ ಮೂರು ಮಜಲುಗಳ ಒಂದು ಪಂದ್ಯ ನಡೆಯಲಿ. ಮೊದಲನೆಯ ದಿನ ಬಳ್ಳಾರಿಯಿಂದ ಕುರುಗೋಡಿನ ದೊಡ್ಡ ಬಸವಣ್ಣನ ಸನ್ನಿಧಿಯನ್ನು ಹಾಯ್ದು ಕಾಲುವೆಯ ಗದ್ದೆಗಳ ನಡುವೆ ಸಿರುಗುಪ್ಪ. ಎರಡನೆಯ ದಿನ ಸಂಡೂರಿನ ಗುಡ್ಡದ ಏರು. ಮೂರನೆಯ ದಿನ ಹೊಸಪೇಟೆಯ ಮೇಲೆ ಹಂಪಿ. ಅದಿರು ಲಾರಿಗಳ ಕಾಟವುಂಟೆಂಬುದು ನಿಜ. ಪಂದ್ಯದ ಹೊತ್ತಿಗೆ ಮೂರು ಮುಂಜಾವು ಅವುಗಳನ್ನು ತಡೆಯುವುದು ಜಿಲ್ಲೆಯ ಆಡಳಿತಕ್ಕೆ ಆಗದ ಕೆಲಸವಲ್ಲ. ಖರ್ಚು ಉಂಟು, ಆದರೆ ಗೆದ್ದು ಬಂದವನಿಗೆ ಆಮೇಲೆ ಕೊಡುವ ಬಹುಮಾನದ ಒಂದು ಪಾಲನ್ನು ಅವನು ಹೊರಡುವ ಮೊದಲೇ ದಾರಿಗೆ ಹಾಕಿದರೆ ಸಾಲದೆ? ಬಹುಮಾನ ಒಬ್ಬನಿಗೆ ಸಿಕ್ಕುತ್ತದೆ. ದಾರಿ ನೂರು ಮಂದಿಗೆ ಒದಗುತ್ತದೆ.

‘ಕೌಲು’ ಎಂದರೆ ಕೊಟ್ಟ ಮಾತು, ಒಡಂಬಡಿಕೆ. ಹವ್ಯಾಸಿ ಯಾವ ಮಾಲೀಕನಿಗೂ ಕೌಲು ಬರೆದುಕೊಟ್ಟವನಲ್ಲ. ತನಗೆ ತಾನೇ ಕೊಟ್ಟುಕೊಂಡ ಮಾತಿಗಾಗಿ, ಭಾಷೆ ತಿಳಿಯದ ಊರಿನ ಚಳಿಯಲ್ಲಿ, ನಾಲ್ಕನೆಯ ದಿನವೂ ಎದ್ದು ಪೆಡಲಿಗೆ ಕಾಲು ಕೊಡುತ್ತಾನೆ. ಮುಂದಿನ ಸಲ ಅಂಥವನೊಬ್ಬ ಊರಿಗೆ ಮರಳಿದಾಗ ‘ಎಷ್ಟು ಮಜಲು ಮುಗಿಸಿದೆಯಪ್ಪಾ? ಮತ್ತೆ ಯಾವಾಗ ಹೊರಡುತ್ತೀ?’ ಎಂದು ಕೇಳೋಣ. ಅವನ ಉತ್ತರವನ್ನು ಕೂತು ಕೇಳುವ ವ್ಯವಧಾನವೂ ನಮಗಿರಲಿ.