ಸಾಲ ಕೊಡುವವರಿಗೆ ನಮ್ಮ ಬಗ್ಗೆ ಎಷ್ಟು ಗೊತ್ತಿರಬೇಕು?

ರಘುರಾಮ್ ರಾಜನ್ ಅಂದ್ರೆ ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿರೋದು ಒಂದೇ ಕಥೆ. ಐಐಟಿ ದೆಹಲಿಯಲ್ಲಿ ಎಲೆಕ್ಟ್ರಿಕಲ್ ಓದಿದರು, ರಿಸರ್ವ್ ಬ್ಯಾಂಕ್ ಗವರ್ನರ್ ಆದರು. ಇದನ್ನ ಸ್ಟೇಟಸ್ ಹಾಕ್ಕೊಂಡು, ಇಂಜಿನಿಯರಿಂಗ್ ಮಾಡಿದವರು ಏನು ಬೇಕಾದ್ರೂ ಆಗಬಹುದು ಅಂತ ಸಮಾಧಾನ ಮಾಡ್ಕೋತೀವಿ. ಇಂಟರ್ನಲ್ಸ್ ಹಿಂದಿನ ರಾತ್ರಿ ಅಂಥ ಸಮಾಧಾನ ಬೇಕು, ಇಲ್ಲ ಅನ್ನಲ್ಲ. ಆದರೆ ಆ ಎರಡು ವಾಕ್ಯಗಳ ನಡುವೆ ಅವರು ಮಾಡಿದ ಸಂಶೋಧನೆಯನ್ನೇ ನಾವು ಬಿಟ್ಟುಬಿಡ್ತೀವಿ. ನಾವು ಓದಬೇಕಾದ್ದು ಅದನ್ನ.

1985ರಲ್ಲಿ ಐಐಟಿ, 1987ರಲ್ಲಿ ಅಹಮದಾಬಾದಿನ ಐಐಎಂ, 1991ರಲ್ಲಿ ಎಂಐಟಿಯಿಂದ ಪಿಎಚ್‌ಡಿ. ಪ್ರಬಂಧದ ವಿಷಯ ಬ್ಯಾಂಕಿಂಗ್. ಮರುವರ್ಷ, ಅಂದರೆ 1992ರಲ್ಲಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ ಪ್ರಕಟಿಸಿದ ಲೇಖನದಲ್ಲಿ ಒಂದು ಸರಳ ಪ್ರಶ್ನೆ ಇದೆ: ಸಾಲಗಾರನನ್ನ ಚೆನ್ನಾಗಿ ಬಲ್ಲ ಬ್ಯಾಂಕು ಅವನಿಗೆ ಒಳ್ಳೆಯದೇ? ಒಳ್ಳೆಯದೇ, ಏಕೆಂದರೆ ಯಾವ ಯೋಜನೆ ಗೆಲ್ಲುತ್ತೆ, ಯಾವುದು ಮುಳುಗುತ್ತೆ ಅಂತ ಅದಕ್ಕೆ ಗೊತ್ತಾಗುತ್ತೆ. ಆದರೆ ಗುಟ್ಟು ಗೊತ್ತಿರುವವನಿಗೆ ಹಿಡಿತವೂ ಇರುತ್ತೆ. ಬೇರೆ ಕಡೆ ಹೋಗೋಕಾಗದ ಸಾಲಗಾರನ ಲಾಭದಲ್ಲಿ ಬ್ಯಾಂಕು ತನ್ನ ಪಾಲು ಹೆಚ್ಚಿಸಿಕೊಳ್ಳಬಹುದು. 1994ರಲ್ಲಿ ಮಿಚೆಲ್ ಪೀಟರ್ಸನ್ ಜೊತೆ ಅಮೆರಿಕದ ಸಣ್ಣ ಉದ್ದಿಮೆಗಳ ಅಂಕಿಅಂಶ ನೋಡಿದಾಗ, ಬ್ಯಾಂಕಿನ ಜೊತೆ ಒಡನಾಟ ಗಟ್ಟಿಯಾದಷ್ಟೂ ಸಾಲ ಸುಲಭವಾಗಿ ಸಿಗ್ತಾ ಇತ್ತು. ಬಡ್ಡಿ ಮಾತ್ರ ಅಷ್ಟೇನೂ ಇಳಿದಿರಲಿಲ್ಲ.

ಇದು ನಮ್ಮವರಿಗೆ ಹೊಸದೇನಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರುಮಾಡಿತ್ತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟರು ಬಾಗಿಲಿಗೇ ಬಂದು ತಗೊಂಡು ಹೋಗ್ತಿದ್ದರು. ದಿನಾ ಬರುವ ಪಿಗ್ಮಿಯವರಿಗೆ ಯಾರ ಅಂಗಡಿ ನಡೀತಿದೆ, ಯಾರದ್ದು ಇಲ್ಲ ಅಂತ ಯಾವ ಸ್ಕೋರೂ ಹೇಳಬೇಕಿಲ್ಲ. ಆದರೆ ಅವರ ಎದುರಿಗೆ ನಿಂತು ನಾವೂ ಮಾತಾಡಬಹುದು, ಬೇಕಿದ್ರೆ ಜಗಳವನ್ನೂ ಆಡಬಹುದು.

ಈಗ ಆ ಜಾಗದಲ್ಲಿ ಆ್ಯಪ್ ಇದೆ. ನಮ್ಮ ಹಾಸ್ಟೆಲಿನಲ್ಲೇ ಒಬ್ಬ ಪರೀಕ್ಷಾ ಶುಲ್ಕಕ್ಕೆ ಅಂತ ಒಂದು ಆ್ಯಪಿನಲ್ಲಿ 4,000 ರೂಪಾಯಿ ತಗೊಂಡ. ಐದು ನಿಮಿಷದಲ್ಲಿ ದುಡ್ಡು ಬಂತು, ನಾವೆಲ್ಲ ಮೆಚ್ಚಿಕೊಂಡ್ವಿ. ಕಂತು ಒಂದು ವಾರ ತಡವಾಯ್ತು ನೋಡಿ, ಅವನ ಕಾಂಟ್ಯಾಕ್ಟ್ ಲಿಸ್ಟಿನಲ್ಲಿದ್ದ ನಮಗೆಲ್ಲ ಫೋನ್. ಊರಲ್ಲಿದ್ದ ಸೋದರತ್ತೆಗೂ ಫೋನ್. ಅವನು ಮೂರು ದಿನ ಮೆಸ್ಸಿಗೇ ಬರಲಿಲ್ಲ. ಬ್ಯಾಂಕಿಗೆ ಅವನ ಗುಟ್ಟು ಗೊತ್ತಿದ್ರೆ ಅಪಾಯ ಅಂತ ರಾಜನ್ ಬರೆದಿದ್ದರು. ಇಲ್ಲಿ ಆ್ಯಪಿಗೆ ಅವನೇ ಗೊತ್ತಿಲ್ಲ, ಅವನ ಅತ್ತೆಯ ನಂಬರ್ ಗೊತ್ತು.

ಸಾಲದ ಆ್ಯಪುಗಳು ಕಾಂಟ್ಯಾಕ್ಟ್ ಲಿಸ್ಟ್, ಕಾಲ್ ಲಾಗ್ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. ಎಷ್ಟು ಜನ ಅದನ್ನ ಓದಿದ್ದೀವಿ? 'ಅಲೋ' ಒತ್ತುವುದಂತೂ ಎಲ್ಲರಿಗೂ ಬರುತ್ತೆ.

ರಾಜನ್ ಮಾಡಿದ್ದೆಲ್ಲ ಸರಿ ಅಂತ ನಾವು ಹೇಳ್ತಿಲ್ಲ. 2005ರಲ್ಲಿ ಜಾಕ್ಸನ್ ಹೋಲ್ ಸಭೆಯಲ್ಲಿ ಹಣಕಾಸು ಲೋಕದ ಅಪಾಯದ ಬಗ್ಗೆ ಎಚ್ಚರಿಸಿದಾಗ ಲ್ಯಾರಿ ಸಮ್ಮರ್ಸ್ ಥರದವರೇ ಟೀಕಿಸಿದ್ದರು. 2008 ಬಂದಾಗ ಮಾತು ಬದಲಾಯ್ತು. ಗವರ್ನರ್ ಆಗಿದ್ದಾಗ, 2015ರಲ್ಲಿ, ಬ್ಯಾಂಕುಗಳು ಮುಚ್ಚಿಟ್ಟಿದ್ದ ವಸೂಲಾಗದ ಸಾಲಗಳನ್ನ ಲೆಕ್ಕಕ್ಕೆ ತರಿಸಿದರು. ಅದರಿಂದ ಹೊಸ ಸಾಲವೇ ನಿಧಾನವಾಯ್ತು ಅಂದವರೂ ಇದ್ದಾರೆ. ಆ ಜಗಳ ಅರ್ಥಶಾಸ್ತ್ರದವರು ಆಡಿಕೊಳ್ಳಲಿ.

ನಮ್ಮ ಜಗಳ ನಮ್ಮ ಲ್ಯಾಬಿನದು. ಈ ಸೆಮ್ ಮಿನಿ ಪ್ರಾಜೆಕ್ಟಿಗೆ ಮೂರು ತಂಡಗಳು 'ಲೋನ್ ಡಿಫಾಲ್ಟ್ ಪ್ರಿಡಿಕ್ಷನ್' ತಗೊಂಡಿವೆ. ಒಂದು ನಮ್ಮದೇ. ಅಕ್ಯುರಸಿ ಎಷ್ಟು ಅಂತ ರಿವ್ಯೂನಲ್ಲಿ ಕೇಳಿದರು, ಹೇಳಿದ್ವಿ. ಇಲ್ಲ ಅನ್ನಿಸಿಕೊಂಡವನು ಯಾಕೆ ಅಂತ ಯಾರನ್ನ ಕೇಳಬೇಕು ಅಂತ ಅವರೂ ಕೇಳಲಿಲ್ಲ, ನಮಗೂ ಹೊಳೆದಿರಲಿಲ್ಲ. ಮುಂದಿನ ರಿವ್ಯೂಗೆ ಕಾರಣ ತೋರಿಸುವ ಒಂದು ಪುಟ ಸೇರಿಸ್ತಿದ್ದೀವಿ. ಕನ್ನಡದಲ್ಲೇ.