ಆರಂಭದ ಸರದಿಗಳು ಮತ್ತು ಪಾಲುದಾರರ ಹೊಣೆ

“ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆಯನ್ನು ವರ್ತಕ ಸಮುದಾಯಕ್ಕೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆದರೆ ಮೊಳಕೆಯ ಹಂತದಲ್ಲಿ ಕೈಗೊಂಡ ನಿರ್ಧಾರದ ಬೆಲೆಯನ್ನು ಅಂಕಿಗಳಲ್ಲಿ ತೋರಿಸಿಕೊಡುವ ಸಾಧನಗಳು ವಿರಳ. ಮಕ್ಕಳ ಕಾಲಹರಣವೆಂದು ಹಿರಿಯರು ಕಡೆಗಣಿಸುವ ಒಂದು ಕಂಪ್ಯೂಟರ್ ಆಟವು ಆ ಕೆಲಸವನ್ನು ಸಮರ್ಥವಾಗಿ ಮಾಡುತ್ತದೆ ಎಂಬುದು ಗಮನಾರ್ಹ.

ಸಿಡ್ ಮೇಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ‘ಸಿವಿಲೈಸೇಷನ್’ ಆಟವನ್ನು ಅಮೆರಿಕದ ಮೈಕ್ರೋಪ್ರೋಸ್ ಸಂಸ್ಥೆಯು 1991ರಲ್ಲಿ ಹೊರತಂದಿತು. ಕ್ರಿ.ಪೂ. 4000ದಲ್ಲಿ ಒಂದು ಊರನ್ನು ಸ್ಥಾಪಿಸಿ, ಸರದಿಯಿಂದ ಸರದಿಗೆ ಅದನ್ನು ಮಹಾರಾಜ್ಯವಾಗಿ ಬೆಳೆಸುವುದು ಈ ಆಟದ ಗುರಿ. 2001ರ ಮೂರನೆಯ ಆವೃತ್ತಿಯಲ್ಲಿ ಪೂರ್ಣ ಆಟಕ್ಕೆ 540 ಸರದಿಗಳು. ಆಟಗಾರರಲ್ಲಿ ಜನಪ್ರಿಯವಾದ ಒಂದು ಪದ್ಧತಿಯೆಂದರೆ ಹಂಚಿಕೆಯ ಆಟ. ನಾಲ್ಕೈದು ಮಂದಿ ಸೇರಿ ಒಂದೇ ರಾಜ್ಯವನ್ನು ಆಳುತ್ತಾರೆ. ಮೊದಲನೆಯವರು ಸಾಮಾನ್ಯವಾಗಿ 20 ಸರದಿ, ಉಳಿದವರು ತಲಾ 10 ಸರದಿ ಆಡಿ ಕಡತವನ್ನು ಮುಂದಿನವರಿಗೆ ಹಸ್ತಾಂತರಿಸುತ್ತಾರೆ. ಆಡಿದ ಸರದಿಯನ್ನು ಅಳಿಸಿ ಮತ್ತೆ ಆಡುವಂತಿಲ್ಲ. ಪಾಲುದಾರಿ ವ್ಯವಹಾರದ ಸ್ವರೂಪವೂ ಇದಕ್ಕಿಂತ ಬಹಳ ಭಿನ್ನವಲ್ಲ.

ಕಣಜದ ಲೆಕ್ಕ

ಈ ಆವೃತ್ತಿಯಲ್ಲಿ ಸಣ್ಣ ಊರಿನ ಜನಸಂಖ್ಯೆ ಒಂದು ಅಂಶ ಹೆಚ್ಚಲು 20 ಪಾಲು ಆಹಾರ ಕೂಡಬೇಕು. ಹೊಸ ಊರು ಕಟ್ಟುವ ವಲಸೆ ತಂಡವೊಂದಕ್ಕೆ ಜನಸಂಖ್ಯೆಯ 2 ಅಂಶ ಮತ್ತು ‘ಶೀಲ್ಡ್’ ಎಂದು ಕರೆಯಲಾಗುವ ಉತ್ಪಾದನೆಯ 30 ಅಂಶ ತಗಲುತ್ತದೆ. ಸರದಿಗೆ 5 ಪಾಲು ಆಹಾರ ಉಳಿಯುವ ಊರಿನಿಂದ 8 ಸರದಿಗೊಂದು ವಲಸೆ ತಂಡ ಹೊರಡಬಲ್ಲದು. ಅಲ್ಲೊಂದು ಕಣಜ ಕಟ್ಟಿದರೆ, ಬೆಳವಣಿಗೆಗೆ ಬೇಕಾದ ಆಹಾರ ಅರ್ಧಕ್ಕಿಳಿದು, 4 ಸರದಿಗೊಂದು ತಂಡ ಸಿದ್ಧವಾಗುತ್ತದೆ. ಅದಕ್ಕೆ ಉತ್ಪಾದನೆಯೂ ಸರದಿಗೆ ಏಳೆಂಟು ಶೀಲ್ಡ್‌ಗಳಿಗೆ ಏರಬೇಕಾದ್ದರಿಂದ ಗಣಿ, ರಸ್ತೆಗಳ ಕೆಲಸವೂ ಜೊತೆಯಲ್ಲೇ ನಡೆಯಬೇಕು.

ಕಣಜದ ವೆಚ್ಚ 60 ಶೀಲ್ಡ್‌ಗಳು, ಅಂದರೆ ಎರಡು ವಲಸೆ ತಂಡಗಳಷ್ಟು. ಆರಂಭದ ಬಡತನದಲ್ಲಿ ಇದು ದುಬಾರಿಯೆಂದೇ ತೋರುತ್ತದೆ. ಆದರೆ ಕಣಜ ಮುಗಿದ ನಂತರದ 40 ಸರದಿಗಳಲ್ಲಿ ಐದು ತಂಡಗಳ ಬದಲು ಹತ್ತು ತಂಡಗಳು ಹೊರಡುತ್ತವೆ. ಹಾಗೆ ಹುಟ್ಟಿದ ಪ್ರತಿ ಊರೂ ತಾನೇ ದುಡಿಯತೊಡಗುತ್ತದೆ. ಚಕ್ರಬಡ್ಡಿಯನ್ನು ಬಲ್ಲವರಿಗೆ ಹೆಚ್ಚಿನ ವಿವರಣೆ ಅನಗತ್ಯ.

ಕೈ ಬದಲಾದಾಗ

ಒಬ್ಬನೇ ಆಡುವಾಗ ಈ ಲೆಕ್ಕ ಸುಲಭ. ಹಲವರು ಆಡುವಾಗ ತೊಡಕು ಆರಂಭವಾಗುತ್ತದೆ. ಮೊದಲನೆಯವರು ಕಣಜಕ್ಕೆ ಅಡಿಪಾಯ ಹಾಕಿದರೆಂದು ಭಾವಿಸಿದರೆ, ಎರಡನೆಯವರಿಗೆ ಕೀರ್ತಿ ತರುವ ಪಿರಮಿಡ್ ಕಟ್ಟುವ ಆಸೆ ಹುಟ್ಟಬಹುದು. ಅದರ ವೆಚ್ಚ 400 ಶೀಲ್ಡ್‌ಗಳು. ಸರದಿಗೆ 5ರಂತೆ ದುಡಿಯುವ ಊರಿಗೆ 80 ಸರದಿಗಳ ಕೆಲಸ. ಅಷ್ಟರೊಳಗೆ ಪ್ರತಿಸ್ಪರ್ಧಿ ರಾಜ್ಯ ಅದನ್ನು ಮುಗಿಸಿಬಿಟ್ಟರೆ, ಕಟ್ಟಲು ಅಷ್ಟೇ ದೊಡ್ಡದಾದ ಬೇರೊಂದು ನಿರ್ಮಾಣ ಲಭ್ಯವಿಲ್ಲದಿದ್ದಲ್ಲಿ, ಕೂಡಿಟ್ಟ ಶ್ರಮದ ಬಹುಪಾಲು ವ್ಯರ್ಥ. ಮೂರನೆಯವರು ನೆರೆರಾಜ್ಯದ ಭಯದಿಂದ ಎಲ್ಲವನ್ನೂ ಬಿಟ್ಟು ಸೈನ್ಯಕ್ಕೆ ತೊಡಗಬಹುದು. ಈ ಮೂರೂ ಆಲೋಚನೆಗಳನ್ನು ಪ್ರತ್ಯೇಕವಾಗಿ ಸಮರ್ಥಿಸಿಕೊಳ್ಳಲು ಸಾಧ್ಯ. ಒಂದರ ಮೇಲೊಂದು ಬಂದಾಗ ಮಾತ್ರ ಕಣಜವೂ ಇಲ್ಲ, ಪಿರಮಿಡ್ಡೂ ಇಲ್ಲ, ಸೈನ್ಯವೂ ಸಾಲದು. ಸೋಲಿಗೆ ಕಾರಣ ತಪ್ಪು ನಿರ್ಧಾರಕ್ಕಿಂತ ಹೆಚ್ಚಾಗಿ ಅರ್ಧದಲ್ಲಿ ಬದಲಾದ ನಿರ್ಧಾರವೇ ಆಗಿರುತ್ತದೆ.

ಹಾಗೆಂದು ವಿಸ್ತರಣೆಯೊಂದೇ ಮಂತ್ರವೆಂದು ತಿಳಿಯಬಾರದು. ಮೂರನೆಯ ಆವೃತ್ತಿಯಲ್ಲಿ ರಾಜಧಾನಿಯಿಂದ ದೂರವಾದ ಊರುಗಳ ಗಳಿಕೆಯನ್ನು ಭ್ರಷ್ಟಾಚಾರ ನುಂಗುತ್ತದೆ. 2005ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಂತೂ ಊರುಗಳ ಸಂಖ್ಯೆ ಮತ್ತು ದೂರಕ್ಕೆ ತಕ್ಕಂತೆ ನಿರ್ವಹಣಾ ವೆಚ್ಚವೂ ಏರುತ್ತದೆ. ಅವಸರದಿಂದ ಊರು ಕಟ್ಟಿದವರ ಬೊಕ್ಕಸ ಬರಿದಾಗುತ್ತದೆ. ಶಾಖೆಯ ಮೇಲೆ ಶಾಖೆ ತೆರೆದು ದುಡಿಯುವ ಬಂಡವಾಳಕ್ಕೆ ಪರದಾಡುವ ಅಂಗಡಿಯ ಸ್ಥಿತಿಯೇ ಇದು. ಆದ್ದರಿಂದ ಎಷ್ಟು ಬೆಳೆಯಬೇಕು ಎಂಬುದರಷ್ಟೇ, ಎಲ್ಲಿ ನಿಲ್ಲಬೇಕು ಎಂಬುದೂ ಆರಂಭದಲ್ಲೇ ತೀರ್ಮಾನವಾಗಬೇಕು.

ಬರೆದಿಟ್ಟ ಮಾತು

ಹಂಚಿಕೆಯ ಆಟಗಾರರು ಈ ತೊಡಕಿಗೆ ಕಂಡುಕೊಂಡ ಪರಿಹಾರ ಸರಳ. ಪ್ರತಿಯೊಬ್ಬರೂ ತಮ್ಮ ಸರದಿಯ ಕೊನೆಯಲ್ಲಿ ವರದಿ ಬರೆಯುತ್ತಾರೆ. ಏನು ಮಾಡಿದ್ದಾಯಿತು, ಏಕೆ ಮಾಡಿದ್ದಾಯಿತು, ಏನು ಬಾಕಿ ಉಳಿದಿದೆ ಎಂಬುದು ಅದರಲ್ಲಿರುತ್ತದೆ. ದೊಡ್ಡ ಬದಲಾವಣೆಗೆ ಮುನ್ನ ಎಲ್ಲರ ಅಭಿಪ್ರಾಯ ಕೇಳಲಾಗುತ್ತದೆ.

1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 12ನೇ ಪ್ರಕರಣದ ಆಶಯವೂ ಇದಕ್ಕೆ ಹತ್ತಿರವಾದುದು. ಪಾಲುದಾರರ ನಡುವೆ ಬೇರೆ ಕರಾರು ಇಲ್ಲದಿದ್ದಲ್ಲಿ, ದೈನಂದಿನ ವಿಷಯಗಳು ಬಹುಮತದಿಂದ ತೀರ್ಮಾನವಾಗಬಹುದು. ವ್ಯವಹಾರದ ಸ್ವರೂಪವನ್ನೇ ಬದಲಿಸಲು ಎಲ್ಲ ಪಾಲುದಾರರ ಒಪ್ಪಿಗೆ ಬೇಕು. ಆದರೆ ಗೋದಾಮು ಮೊದಲೋ, ಹೊಸ ಯಂತ್ರ ಮೊದಲೋ, ಷೋರೂಮ್ ಮೊದಲೋ ಎಂಬ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿಲ್ಲ. ಅದನ್ನು ಪಾಲುದಾರರೇ ಕುಳಿತು ನಿರ್ಧರಿಸಬೇಕು, ಕಾರಣಸಹಿತ ಬರೆದಿಡಬೇಕು. ಪಾಲುಪತ್ರದಲ್ಲಿ ಲಾಭಹಂಚಿಕೆಯನ್ನು ಪೈಸೆಯವರೆಗೆ ನಮೂದಿಸುವವರು ಮೊದಲ ಮೂರು ವರ್ಷಗಳ ಆದ್ಯತೆಗಳಿಗೆ ಒಂದು ಪುಟವನ್ನೂ ಮೀಸಲಿಡದಿರುವುದು ವಿಷಾದನೀಯ.

ಅಣ್ಣ ಕಟ್ಟಿದ ಗೋದಾಮನ್ನು ತಮ್ಮ ಅರ್ಧಕ್ಕೆ ನಿಲ್ಲಿಸಿದಾಗ ನಷ್ಟವಾಗುವುದು ಇಟ್ಟಿಗೆ, ಸಿಮೆಂಟು ಮಾತ್ರವಲ್ಲ. ಮನೆತನದ ಉಳಿತಾಯ, ಕೆಲಸಗಾರರ ಸಂಬಳ, ಸಹೋದರರ ವಿಶ್ವಾಸ ಎಲ್ಲವೂ ಅದರೊಂದಿಗೆ ಕರಗುತ್ತವೆ. ಆಟದಲ್ಲಿ ಸೋತವರು ಮರುದಿನ ಹೊಸ ಕಡತ ತೆರೆಯಬಹುದು. ವ್ಯಾಪಾರದಲ್ಲಿ ಸೋತವರಿಗೆ ಕ್ರಿ.ಪೂ. 4000ಕ್ಕೆ ಹಿಂತಿರುಗುವ ಅವಕಾಶವಿಲ್ಲ.